ಶರಾವತಿ ಕೊಳ್ಳದ ಹಳ್ಳಗಳನ್ನು ಜಿಐಎಸ್‌ನಲ್ಲಿ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವ್ಯವಸ್ಥೆಯಲ್ಲಿ) ಗುರುತಿಸುವುದು ಹೇಗೆ?

ಮೊದಲು ನೆಲದ ಎತ್ತರದ ಮಾಹಿತಿ ಬೇಕು. 2000ದ ಫೆಬ್ರುವರಿಯಲ್ಲಿ ನಾಸಾದ ಷಟಲ್‌ನಿಂದ ರಾಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ಎಂಬ ಎತ್ತರದ ಮಾಹಿತಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ನೆಲವನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಒಂದು ಎತ್ತರ ಕೊಟ್ಟಿರುತ್ತದೆ; ಒಂದೊಂದು ಚೌಕದ ಬದಿ ಸುಮಾರು 30 ಮೀಟರ್. ಅದನ್ನು ಕ್ಯೂಜಿಐಎಸ್ ಎಂಬ ಜಿಐಎಸ್ ತಂತ್ರಾಂಶದಲ್ಲಿ ತೆರೆದು, ಮೊದಲು ಸುಳ್ಳು ತಗ್ಗುಗಳನ್ನು (ಅಳತೆಯ ತಪ್ಪಿನಿಂದ ಮೂಡಿ ನೀರಿನ ಹರಿವನ್ನು ತಡೆಯುವ ಗುಂಡಿಗಳನ್ನು) ತುಂಬಿಸಿ. ಆಮೇಲೆ ಪ್ರತಿ ಚೌಕದ ನೀರು ಸುತ್ತಲಿನ ಎಂಟರಲ್ಲಿ ಎತ್ತ ಇಳಿಜಾರು ಜಾಸ್ತಿಯೋ ಅತ್ತ ಹೋಗುತ್ತದೆ ಅಂತ ಲೆಕ್ಕ ಹಾಕಿಸಿ. ಮೇಲಿನಿಂದ 1000 ಚೌಕಗಳ, ಅಂದರೆ ಸುಮಾರು 0.9 ಚದರ ಕಿ.ಮೀ. ನೆಲದ ನೀರು ಸೇರುವಲ್ಲಿ ಹಳ್ಳ ಶುರು ಅಂದುಕೊಳ್ಳಬಹುದು. ಈ ಮಿತಿ ನಿಮ್ಮ ಕೈಯಲ್ಲೇ ಇದೆ. ಇಳಿಸಿದರೆ ಹಳ್ಳಗಳು ಹೆಚ್ಚಾಗುತ್ತವೆ, ಹಾಗಾಗಿ ಬೇರೆ ಮಿತಿ ಇಟ್ಟವರ ನಕ್ಷೆಯ ಜೊತೆ ಸುಮ್ನೆ ಹೋಲಿಸಬೇಡಿ.

ಎಡವಟ್ಟಾಗುವುದು ಲಿಂಗನಮಕ್ಕಿ ಜಲಾಶಯದಲ್ಲಿ. ರಾಡಾರ್ ಕಂಡಿದ್ದು ನೀರಿನ ಮೇಲ್ಮೈಯನ್ನು, ಮುಳುಗಿದ ಕಣಿವೆಯನ್ನಲ್ಲ ಅಲ್ವಾ? ಅದಕ್ಕೇ ಇಳಿಜಾರಿಲ್ಲದ ಸಪಾಟಾದ ಹಿನ್ನೀರಿನ ಮೇಲೆ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆಗಳು ಮೂಡುತ್ತವೆ. ಅವನ್ನು ಹೊಳೆ ಅಂತ ನಂಬಬೇಡಿ. ಹಳೆಯ ಹರಿವು ಬೇಕಿದ್ದರೆ ಅಣೆಕಟ್ಟು ಕಟ್ಟುವ ಮುಂಚಿನ ಸರ್ವೆ ಆಫ್ ಇಂಡಿಯಾ ನಕ್ಷೆಯೇ ಗತಿ.

ಹೊಳೆಯ ಉದ್ದಕ್ಕೂ ಎತ್ತರದ ಗ್ರಾಫನ್ನೂ ತೆಗೆಯಿರಿ. ಜೋಗದಲ್ಲಿ 253 ಮೀಟರ್ ಧುಮುಕುವ ಜಾಗ ಎದ್ದು ಕಾಣುತ್ತದೆ. 30 ಮೀಟರ್ ಚೌಕದಲ್ಲಿ ಆ ಕಡಿದಾದ ಬಂಡೆ ಮಾತ್ರ ಸ್ವಲ್ಪ ಓರೆಯಾಗಿ ತೋರುತ್ತದೆ.