ಹನ್ನೊಂದು ಸಲ ಬರೆದ ಪತ್ರ

ನಿದ್ದೆ ಬರುತ್ತಿಲ್ಲವೆಂದು ಆಪ್ತಸಲಹೆಗಾರಳಾದ ನನ್ನ ಬಳಿ ಬಂದಿದ್ದರು. ಬಿಸಿನೆಸ್ ಸ್ಕೂಲೊಂದರಲ್ಲಿ ಹದಿನಾರು ವರ್ಷ ಮಾರ್ಕೆಟಿಂಗ್ ಪಾಠ ಮಾಡಿ, ಚೆನ್ನಾಗಿ ಪಾಠ ಮಾಡುತ್ತಾರೆಂಬ ಒಂದೇ ಕಾರಣಕ್ಕೆ ಬೋಧನೆ ಮತ್ತು ಕಲಿಕೆಯ ಸಹ ಡೀನ್ ಆದವರು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ಈ ಬಗೆಯ ಹುದ್ದೆಯಲ್ಲಿರುವವರು ನನ್ನ ಬಳಿ ಬಂದದ್ದು ಇದು ನಾಲ್ಕನೆಯ ಸಲ. ನಾಲ್ವರದೂ ಒಂದೇ ಅಳಲು: ಹೊಣೆ ನನ್ನದು, ಅಧಿಕಾರ ಬೇರೆಯವರದು.

ಅಳಲಿನಲ್ಲಿ ಹುರುಳಿದೆ. ಅಧ್ಯಾಪಕರ ಬಡ್ತಿ ಡೀನ್ ಕೈಯಲ್ಲಿ. ಯಾರು ಏನು ಪಾಠ ಮಾಡಬೇಕೆಂಬುದು ವಿಭಾಗದ ಮುಖ್ಯಸ್ಥರ ಕೈಯಲ್ಲಿ. ಬಡ್ತಿಗೆ ಲೆಕ್ಕವಾಗುವುದು ಸಂಶೋಧನಾ ಲೇಖನಗಳು. 1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಸಂಸ್ಥೆಗಳ ನೆರವಿನಿಂದ ಬಂದ ಎರಡು ವರದಿಗಳು ಅಮೆರಿಕದ ಬಿಸಿನೆಸ್ ಸ್ಕೂಲುಗಳಲ್ಲಿ ವಿದ್ವತ್ತು ಸಾಲದು ಎಂದು ಜಾಡಿಸಿದ್ದವು. ಲೇಖನಗಳ ಬೆನ್ನುಹತ್ತಿದ ಓಟಕ್ಕೆ ವೇಗ ಬಂದದ್ದು ಆಮೇಲೆ. 2003ರಲ್ಲಿ ಎಎಸಿಎಸ್‌ಬಿ ಎಂಬ ಮಾನ್ಯತಾ ಸಂಸ್ಥೆ ಕಲಿಕೆಯ ಖಾತರಿಯನ್ನು ತನ್ನ ಮಾನದಂಡಗಳಲ್ಲಿ ಸೇರಿಸಿತು. ಪಾಠ ಮಾಡಿದರೆ ಸಾಲದು, ವಿದ್ಯಾರ್ಥಿ ಕಲಿತದ್ದಕ್ಕೆ ಪುರಾವೆ ಬೇಕು ಎಂಬುದು ಅದರ ತಿರುಳು. ಒಳ್ಳೆಯ ಮಾತೇ. ಆದರೆ ಪುರಾವೆ ಎಂದೊಡನೆ ಕೋಷ್ಟಕಗಳು ಹುಟ್ಟುತ್ತವೆ, ಮತ್ತು ಅವೆಲ್ಲ ಇವರ ಮೇಜಿಗೇ ಬರುತ್ತಿದ್ದವು. ಪಾಠಕ್ಕೆ ಉಳಿದದ್ದು ಒಂದು ಐಚ್ಛಿಕ ವಿಷಯ ಮಾತ್ರ. ಈ ಲೋಕದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹೀಗೆ ಬಂದವರಿಂದ ಕಲಿತದ್ದು.

ಮೊದಲ ಮೂರು ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ನಾಲ್ಕನೆಯದಕ್ಕೆ ಅವರು ಒಂದು ಪತ್ರದ ಕರಡು ತಂದರು. ಹಿರಿಯ ಅಧ್ಯಾಪಕರೊಬ್ಬರಿಗೆ ವಿದ್ಯಾರ್ಥಿಗಳು ಐದಕ್ಕೆ 2.9 ಅಂಕ ಕೊಟ್ಟಿದ್ದರು. ಎಚ್ಚರಿಕೆಯ ಪತ್ರ ಕೊಡಿ ಎಂದು ಡೀನ್ ಹೇಳಿದ್ದರು. ಆ ಹಿರಿಯರು ಒಂದು ಕಾಲಕ್ಕೆ ಇವರಿಗೇ ಪಾಠ ಹೇಳಿದವರು. ಪತ್ರವನ್ನು ಹನ್ನೊಂದು ಸಲ ಬರೆದು ಹರಿದಿದ್ದರಂತೆ, ಕೈಯಲ್ಲಿದ್ದದ್ದು ಹನ್ನೆರಡನೆಯದು.

ಗಟ್ಟಿಯಾಗಿ ಓದಿ ಎಂದೆ. ಓದಿದರು. "ಬೋಧನೆಯ ಗುಣಮಟ್ಟವನ್ನು ಸುಧಾರಿಸಿಕೊಳ್ಳತಕ್ಕದ್ದು" ಎಂಬಲ್ಲಿಗೆ ಬಂದಾಗ ದನಿ ಇಳಿಯಿತು.

"ಯಾವುದನ್ನು ಸುಧಾರಿಸಿಕೊಳ್ಳಬೇಕು?" ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ. ಅವರ ತರಗತಿಯನ್ನು ನಾನು ನೋಡಿಲ್ಲ."

"ನೋಡಲು ಅಡ್ಡಿ ಏನಿತ್ತು?"

ಕಾಗದವನ್ನು ಮಡಿಸಿದರು, ಮತ್ತೆ ಬಿಡಿಸಿದರು. ಸಮಯವಿಲ್ಲ ಎನ್ನುತ್ತಾರೆಂದು ನಾನು ಕಾದಿದ್ದೆ. ಅವರು ಹೇಳಿದ್ದು ಬೇರೆ: "ಹೋಗಿ ಕೂತಾಗ ಅವರು ಚೆನ್ನಾಗಿ ಪಾಠ ಮಾಡುತ್ತಿದ್ದರೆ ನಾನೇನು ಮಾಡಲಿ?"

ನಿದ್ದೆಗೆಡಿಸಿದ್ದು ಇದು. ಹಿರಿಯರು ಕೆಟ್ಟ ಮೇಷ್ಟ್ರಾಗಿದ್ದರೆ ಸಹಿ ಹಾಕುವುದು ಸುಲಭ. ಒಳ್ಳೆಯವರೆಂದು ತಿಳಿದರೆ ಡೀನ್ ಎದುರು ನಿಂತು ಅದನ್ನು ಹೇಳಬೇಕಾಗುತ್ತದೆ. ಅಂಕಗಳನ್ನು ಎಷ್ಟು ನಂಬಬೇಕೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. 2019ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳ ಅಧ್ಯಯನದಲ್ಲಿ, ತಾವೇ ಲೆಕ್ಕ ಬಿಡಿಸುತ್ತ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರೂ, ಸೊಗಸಾದ ಉಪನ್ಯಾಸ ಕೇಳಿದವರಿಗಿಂತ ತಾವು ಕಡಿಮೆ ಕಲಿತೆವು ಎಂದೇ ಭಾವಿಸಿದ್ದರು. ಅಧ್ಯಾಪಕರ ಕಾರ್ಯಾಗಾರದಲ್ಲಿ ಇದನ್ನು ಪರದೆಯ ಮೇಲೆ ತೋರಿಸಿದವರು ಇವರೇ!

ನಾನು ಕೊಟ್ಟ ಸಲಹೆ ನೇರವಾಗಿತ್ತು. ಪತ್ರ ಕಳಿಸಬೇಡಿ; ಎರಡು ವಾರ ಬೇಕೆಂದು ಡೀನ್‌ಗೆ ಬರೆದು ತಿಳಿಸಿ. ಮೊದಲು ಆ ಹಿರಿಯರನ್ನು ನಿಮ್ಮ ತರಗತಿಗೆ ಕರೆಯಿರಿ, ತಪ್ಪು ಹೇಳಲು ಬಿಡಿ. ಆಮೇಲೆ ಅವರ ತರಗತಿಯಲ್ಲಿ ಪೂರ್ತಿ ಎರಡು ಅವಧಿ ಕೂತು ಬನ್ನಿ. ಫಾರಂ ಒಯ್ಯಬೇಡಿ.

ಆಪ್ತಸಲಹೆಗಾರರು ಹೀಗೆ ಮಾಡು, ಹಾಗೆ ಮಾಡು ಎನ್ನಬಾರದೆಂಬ ಪಾಠ ನನಗೂ ಆಗಿದೆ. ಸಹೋದ್ಯೋಗಿಯೊಬ್ಬರು ಇದನ್ನೇ ಎತ್ತಿ ಆಕ್ಷೇಪಿಸಿದರು: ನೀವು ಆತಂಕಕ್ಕೆ ಉಪಚಾರ ಮಾಡಬೇಕಿತ್ತು, ಆಡಳಿತದ ಪಾಠ ಹೇಳಿದಿರಿ ಎಂದು. ಇರಬಹುದು. ಆದರೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದರೆ ಅವರು ಅದೇ ಪತ್ರಕ್ಕೆ ನೆಮ್ಮದಿಯಿಂದ ಸಹಿ ಹಾಕುತ್ತಿದ್ದರು. ಅಂಥ ನೆಮ್ಮದಿ ಕೊಡಿಸಲು ನನಗೆ ಮನಸ್ಸಿರಲಿಲ್ಲ. ತರಗತಿಯ ಬಾಗಿಲು ದಾಟದೆ ಬೋಧನೆಯ ಮುಂದಾಳುವಾಗಿರುವುದು ಸಾಧ್ಯವೆಂದು ಒಪ್ಪಿಕೊಂಡ ಮನಸ್ಸಿಗೆ ನಿದ್ದೆ ಬರದಿರುವುದು ಆರೋಗ್ಯದ ಲಕ್ಷಣವೆಂದೇ ಈಗಲೂ ನಂಬುತ್ತೇನೆ.

ಹೋಗಿ ಕೂತರು. ಹಿರಿಯರು ಒಂದು ಕಂಪನಿಯ ದಾಸ್ತಾನಿನ ಸಮಸ್ಯೆಯನ್ನು ಮುಂದಿಟ್ಟು, ಪ್ರಶ್ನೆ ಕೇಳಿ, ಕಪ್ಪು ಹಲಗೆಗೆ ಒರಗಿ ಸುಮ್ಮನೆ ನಿಂತರಂತೆ. ಯಾರೂ ಉತ್ತರಿಸದಿದ್ದರೂ ತಾವು ಉತ್ತರ ಹೇಳಲಿಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ತಪ್ಪು ಉತ್ತರ ಕೊಟ್ಟಳು. ಅಲ್ಲಿಂದ ಚರ್ಚೆ ಹೊತ್ತಿಕೊಂಡಿತು. ಪಾಠ ಚೆನ್ನಾಗಿಯೇ ಇತ್ತು. ಆದರೆ ಹೊರಗೆ ಬರುವಾಗ ಮಕ್ಕಳು ಹೇಳಿದರು: ಆರು ವಾರದ ಹಿಂದೆ ಬರೆದುಕೊಟ್ಟ ವರದಿಗಳು ಇನ್ನೂ ತಿದ್ದಿ ವಾಪಸ್ ಬಂದಿಲ್ಲ. ತಾವೆಲ್ಲಿ ಎಡವಿದ್ದೇವೆಂದು ತಿಳಿಯದೆ ಅವರು ಮುಂದಿನದನ್ನು ಬರೆಯುತ್ತಿದ್ದರು.

ಇವರು ಅದನ್ನು ಹಿರಿಯರ ಕೊಠಡಿಗೇ ಹೋಗಿ ಹೇಳಿದರು. ತಿದ್ದಲು ಸಹಾಯಕರೊಬ್ಬರು ಬೇಕೆಂದು ಅವರು ಎರಡು ಸಲ ಕೇಳಿದ್ದರಂತೆ. ಆ ಅರ್ಜಿ ಇವರ ಕಚೇರಿಯಲ್ಲೇ ಕೂತಿತ್ತು.

ಡೀನ್‌ಗೆ ಇದೆಲ್ಲ ಹಿಡಿಸಲಿಲ್ಲ. ಅವರಿಗೆ ಕಡತಕ್ಕೊಂದು ಕಾಗದ ಬೇಕಿತ್ತು. ಸಹ ಡೀನ್ ಕೊಟ್ಟ ಕಾಗದದಲ್ಲಿ ಎರಡು ಹೆಸರುಗಳಿದ್ದವು. ಮೊದಲನೆಯದು ಬರೆದುಕೊಟ್ಟವರದೇ.