ತೊನ್ನಿಗೆ ಚರ್ಮದ ಕೋಶಗಳ ಕಸಿ ಆಗಿ 5 ವಾರ, ಇನ್ನೂ ಬಣ್ಣ ಬಂದಿಲ್ಲ ಅಂದವರಿಗೆ

ಕಸಿ ಕೆಟ್ಟಿದೆ ಅನ್ನೋದಕ್ಕಿಂತ ಇನ್ನೂ ಸಮಯ ಆಗಿಲ್ಲ ಅನ್ನೋದೇ ಹೆಚ್ಚು ಸಂಭವ. ತೊಡೆಯ ಚರ್ಮದ ಕೋಶ ಬಿಡಿಸಿ ಮೊಣಕಾಲಿನ ತೊನ್ನಿಗೆ ಹಾಕಿದ್ದಾರೆ, ಜಾಗ ಬರೀ ಗುಲಾಬಿಯಾಗಿದೆ ಅಂದಿದ್ದೀರಿ. ಈ ಹಂತದಲ್ಲಿ ಅದು ಸಹಜ. ನನ್ನ ಕಸಿಯಲ್ಲಿ ಮೊದಲು ಕಂಡಿದ್ದು ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು. ಅವೇ ನಿಧಾನಕ್ಕೆ ಕೂಡಿಕೊಂಡವು. ಅಕ್ಕಪಕ್ಕದ ಬಣ್ಣಕ್ಕೆ ಹೊಂದಿಕೊಳ್ಳೋಕೆ 6 ತಿಂಗಳಿಂದ 1 ವರ್ಷ ಹಿಡಿಯಬಹುದು.

ಇವತ್ತೇ ಒಂದು ಫೋಟೋ ತೆಗೆದಿಡಿ, ಮುಂದೆ ತಿಂಗಳಿಗೊಮ್ಮೆ ಅದೇ ಬೆಳಕಲ್ಲಿ. ಆಮೇಲೆ ಚರ್ಮ ತೆಗೆದ ತೊಡೆಯ ಜಾಗ ನೋಡಿ. ಅದೂ ಬೆಳ್ಳಗಾಗ್ತಿದ್ರೆ, ಅಥವಾ ಬೇರೆ ಕಡೆ ಹೊಸ ಬಿಳಿ ಮಚ್ಚೆ ಎದ್ದಿದ್ರೆ ಕಾಯಬೇಡಿ, ತಕ್ಷಣ ತೋರಿಸಿ: ರೋಗ ಇನ್ನೂ ನಿಂತಿರಲಿಲ್ಲ ಅಂತ ಇರಬಹುದು. ಕಸಿಗೆ ಮುಂಚೆ ಕನಿಷ್ಠ 1 ವರ್ಷ ಹೊಸ ಮಚ್ಚೆ ಬಂದಿರಬಾರದು ಅನ್ನೋದು ಅದಕ್ಕೇ. ಕೀವು, ವಾಸನೆ ಇದ್ರೆ ಅದೇ ದಿನ ಹೋಗಿ.

ಮುಂದಿನ ಭೇಟಿಯಲ್ಲಿ ಯುವಿಬಿ (ಒಂದು ಬಗೆಯ ನೇರಳಾತೀತ ಕಿರಣ) ಲೈಟ್ ಚಿಕಿತ್ಸೆ ಯಾವಾಗ ಶುರು ಅಂತ ಕೇಳಿ. ಯಾರೇ ಹೇಳಿದ್ರೂ ಬಾವಂಚಿ ಬೀಜದ ಎಣ್ಣೆ ಹಚ್ಚಬೇಡಿ. ಹಚ್ಚಿದ ಜಾಗಕ್ಕೆ ಬಿಸಿಲು ತಾಗಿದ್ರೆ ಬೊಬ್ಬೆ ಏಳುತ್ತೆ. ಕೀಲಿನ ಮೇಲಿನ ಜಾಗ ಸ್ವಲ್ಪ ಹಠಮಾರಿ, ನಿಮಗೆ ಎಷ್ಟು ಬಣ್ಣ ತುಂಬುತ್ತೆ ಅಂತ ನೋಡದೆ ಹೇಳಕ್ಕಾಗಲ್ಲ. 6 ತಿಂಗಳಾದ್ರೂ ಚುಕ್ಕೆಯೇ ಕಾಣದಿದ್ರೆ ಮರುಕಸಿ ಬಗ್ಗೆ ಮಾತಾಡಿ.