ಒಂದೇ ಮಾಸ್ಟರ್, ಮೂವತ್ತಾರು ಕವರ್

ಪ್ರಶ್ನೆ: ನಮ್ಮದು ಎಲೆಕ್ಟ್ರಿಕಲ್ ಪ್ಯಾನೆಲ್ ತಯಾರಿಸುವ ಸಣ್ಣ ಘಟಕ. 2 ಮಿ.ಮೀ. ಸಿಆರ್‌ಸಿಎ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟಿನಲ್ಲಿ 36 ಅಳತೆಯ ಕವರ್‌ಗಳು ಬೇಕು. ಎಲ್ಲಕ್ಕೂ ನಾಲ್ಕು ಕಡೆ 25 ಮಿ.ಮೀ. ಫ್ಲ್ಯಾಂಜ್ (ಮಡಚಿದ ಅಂಚು), ಅದರ ಮೇಲೆ 6 ಮಿ.ಮೀ. ತೂತುಗಳು. ಅಗಲ, ಎತ್ತರ, ತೂತಿನ ಸಂಖ್ಯೆ ಮಾತ್ರ ಬೇರೆ. ಸಾಲಿಡ್‌ವರ್ಕ್ಸ್ ವಿನ್ಯಾಸ ಸಾಫ್ಟ್‌ವೇರಿನಲ್ಲಿ ಒಂದನ್ನು ಬಿಡಿಸಿ, ‘ಸೇವ್ ಆ್ಯಸ್’ ಮಾಡಿ ತಿದ್ದುತ್ತಾ ಹೋಗುತ್ತಿದ್ದೇವೆ. ತಪ್ಪುಗಳು ಹೆಚ್ಚುತ್ತಿವೆ. ಬೇರೆ ದಾರಿ ಇದೆಯೇ?
— ಓದುಗರೊಬ್ಬರು, ಪೀಣ್ಯ, ಬೆಂಗಳೂರು

ಉತ್ತರ: ಇದೆ. ಒಂದೇ ಮಾಸ್ಟರ್ ಪಾರ್ಟ್ ಮಾಡಿ, 36 ಅಳತೆಗಳನ್ನೂ ಡಿಸೈನ್ ಟೇಬಲ್ (ಸಾಲಿಗೊಂದು ಕವರಿನ ಅಳತೆ ಇರುವ ಪಟ್ಟಿ) ಮೂಲಕ ಎಕ್ಸೆಲ್‌ನಿಂದ ಕೊಡಿ. ಆದರೆ ಕಂಪ್ಯೂಟರ್ ಮುಂದೆ ಕೂರುವ ಮೊದಲು ಪ್ರೆಸ್ ಬ್ರೇಕ್ (ಶೀಟು ಮಡಚುವ ಯಂತ್ರ) ಹತ್ತಿರ ಒಂದು ಕೆಲಸವಿದೆ. ಮಾಸ್ಟರ್‌ನಲ್ಲಿ ಬೆಂಡ್ ಲೆಕ್ಕ ತಪ್ಪಿದರೆ 36 ಕವರೂ ಒಟ್ಟಿಗೆ ತಪ್ಪುತ್ತವೆ.

ಅದೇ ಶೀಟಿನಿಂದ 100 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ, ನೀವು ದಿನವೂ ಬಳಸುವ ವಿ-ಡೈನಲ್ಲೇ (ವಿ ಆಕಾರದ ಅಚ್ಚಿನಲ್ಲೇ) ನಡುವೆ 90 ಡಿಗ್ರಿ ಬೆಂಡ್ ಮಾಡಿ. 2 ಮಿ.ಮೀ. ಶೀಟಿಗೆ ಸಾಮಾನ್ಯವಾಗಿ 16 ಮಿ.ಮೀ. ಬಾಯಿಯ ಡೈ ಹಾಕುತ್ತಾರೆ. ಒಳ ರೇಡಿಯಸ್ ಸುಮಾರು 2.5 ಮಿ.ಮೀ. ಬರುತ್ತದೆ. ಎರಡೂ ಕಾಲುಗಳ ಹೊರ ಅಳತೆ ಕೂಡಿಸಿ. ಮೊತ್ತ 103.7 ಬಂದರೆ ಬೆಂಡ್ ಡಿಡಕ್ಷನ್ (ಹೊರ ಅಳತೆಗಳ ಮೊತ್ತದಿಂದ ಕಳೆಯಬೇಕಾದ ಅಂಕಿ) 3.7 ಎಂದರ್ಥ. ಕೆ-ಫ್ಯಾಕ್ಟರ್ (ಬೆಂಡಿನಲ್ಲಿ ಹಿಗ್ಗದೆ ಕುಗ್ಗದೆ ಉಳಿಯುವ ಪದರ ಒಳಮೈಯಿಂದ ದಪ್ಪದ ಎಷ್ಟು ಭಾಗದಲ್ಲಿದೆ ಎಂಬ ಅಂಕಿ) ಲೆಕ್ಕದಲ್ಲಿ ಅದು ಸುಮಾರು 0.44. ನಿಮ್ಮ ಬೆಂಡ್‌ಗಳೆಲ್ಲ 90 ಡಿಗ್ರಿಯವೇ ಆದ್ದರಿಂದ ಡಿಡಕ್ಷನ್ ಅಂಕಿಯನ್ನೇ ನೇರವಾಗಿ ಸಾಫ್ಟ್‌ವೇರಿಗೆ ಕೊಡುವುದು ಒಳ್ಳೆಯದು. ಆಪರೇಟರ್ ಕೂಡ ಅದನ್ನು ಕ್ಯಾಲಿಪರ್‌ನಿಂದ ಪರೀಕ್ಷಿಸಬಹುದು. ಇದನ್ನು ಬಿಟ್ಟು ಕೆ 0.5 ಎಂದು ಹಾಗೇ ಬಿಟ್ಟರೆ ಕವರಿನ ಅಳತೆ ಪ್ರತಿ ಬೆಂಡಿಗೆ 0.2 ಮಿ.ಮೀ., ಎರಡು ಬೆಂಡಿಗೆ 0.4 ಮಿ.ಮೀ. ಹೆಚ್ಚಾಗುತ್ತದೆ. ಬಾಕ್ಸಿನ ಮೇಲೆ ಕೂರಬೇಕಾದ ಕವರಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ಈಗ ಮಾಸ್ಟರ್. ಬೇಸ್ ಫ್ಲ್ಯಾಂಜಿನ (ಕವರಿನ ಮುಖ್ಯ ಚಪ್ಪಟೆ ಭಾಗದ) ಆಯತವನ್ನು ಒರಿಜಿನ್ (ಶೂನ್ಯ ಬಿಂದು) ನಡುವಿಗೆ ಬರುವಂತೆ ಬಿಡಿಸಿ. ಅಳತೆ ಬದಲಾದಾಗ ಎರಡೂ ಕಡೆ ಸಮನಾಗಿ ಹಿಗ್ಗುತ್ತದೆ. ನಾಲ್ಕು ಅಂಚುಗಳನ್ನೂ ಒಂದೇ ಎಡ್ಜ್ ಫ್ಲ್ಯಾಂಜ್ ಫೀಚರ್‌ನಲ್ಲಿ ಆರಿಸಿ, ‘ಮೆಟೀರಿಯಲ್ ಇನ್‌ಸೈಡ್’ ಇಡಿ. ಆಗ ನೀವು ಕೊಟ್ಟ ಅಗಲವೇ ಹೊರ ಅಗಲವಾಗಿ ಉಳಿಯುತ್ತದೆ. ಟೇಬಲ್‌ಗೆ ಹೋಗುವ ಪ್ರತಿ ಡೈಮೆನ್ಶನ್‌ಗೂ ಹೆಸರಿಡಿ. ಡಿ1, ಡಿ2 ಎಂದೇ ಬಿಟ್ಟರೆ ಆರು ತಿಂಗಳ ನಂತರ ಯಾವುದು ಯಾವುದೆಂದು ಯಾರಿಗೂ ತಿಳಿಯದು.

ತೂತುಗಳನ್ನು ಲೀನಿಯರ್ ಪ್ಯಾಟರ್ನ್‌ನಲ್ಲಿ ಮಾಡಿ, ಸಂಖ್ಯೆ ಮತ್ತು ಪಿಚ್ (ತೂತಿನಿಂದ ತೂತಿಗೆ ದೂರ) ಎರಡನ್ನೂ ಟೇಬಲ್‌ನಿಂದ ತನ್ನಿ. ತುದಿಯಿಂದ 25 ಮಿ.ಮೀ. ಬಿಟ್ಟು, ಗರಿಷ್ಠ ಪಿಚ್ 150 ಎಂದುಕೊಳ್ಳಿ. ಅಗಲದಿಂದ 50 ಕಳೆದು, 150ರಿಂದ ಭಾಗಿಸಿ, ಮೇಲಿನ ಪೂರ್ಣಾಂಕಕ್ಕೆ ಏರಿಸಿದರೆ ಅಂತರಗಳ ಸಂಖ್ಯೆ. ಒಂದು ಕೂಡಿಸಿದರೆ ತೂತುಗಳ ಸಂಖ್ಯೆ. 400 ಅಗಲದ ಕವರಿಗೆ 3 ಅಂತರ, 4 ತೂತು, ಪಿಚ್ 116.67. ಈ ಸೂತ್ರ ಎಕ್ಸೆಲ್‌ನಲ್ಲೇ ಇರಲಿ, ಕೈಯಿಂದ ತುಂಬಬೇಡಿ. ಅರ್ಥಿಂಗ್ ಸ್ಟಡ್ ತೂತಿನಂತೆ ಕೆಲವಕ್ಕೆ ಮಾತ್ರ ಬೇಕಾದ್ದನ್ನು ಸಪ್ರೆಸ್ ಕಾಲಮ್‌ನಿಂದ ಆನ್-ಆಫ್ ಮಾಡಿ.

ನಿಮ್ಮ 25 ಮಿ.ಮೀ. ಫ್ಲ್ಯಾಂಜಿನ ನಡುವೆ ತೂತು ಬಂದರೆ, ತೂತಿನ ಅಂಚಿನಿಂದ ಬೆಂಡ್ ಶುರುವಾಗುವ ಜಾಗಕ್ಕೆ 5 ಮಿ.ಮೀ. ಉಳಿಯುತ್ತದೆ, ಅಂದರೆ ದಪ್ಪದ ಎರಡೂವರೆ ಪಟ್ಟು. ಸರಿಯಾಗಿ ಸಾಕು, ಹೆಚ್ಚೇನೂ ಇಲ್ಲ. ಫ್ಲ್ಯಾಂಜನ್ನು 20ಕ್ಕೆ ಇಳಿಸಿದರೆ ಉಳಿಯುವುದು ಎರಡೂವರೆ ಮಿ.ಮೀ. ಮಾತ್ರ. ಬೆಂಡ್ ಮಾಡುವಾಗ ತೂತು ಎಳೆದುಕೊಂಡು ಮೊಟ್ಟೆಯಾಕಾರವಾಗುತ್ತದೆ.

36 ಸಾಲು ತುಂಬಿದ ಕೂಡಲೇ ಡಿಎಕ್ಸ್‌ಎಫ್ (ಲೇಸರ್ ಕಟಿಂಗ್ ಮೆಷಿನ್‌ಗೆ ಕೊಡುವ ಡ್ರಾಯಿಂಗ್ ಫೈಲ್) ತೆಗೆಯಬೇಡಿ. ಅತಿ ಚಿಕ್ಕದು, ಅತಿ ದೊಡ್ಡದು, ನಡುವಿನದೊಂದು ತೆರೆದು ಫ್ಲ್ಯಾಟ್ ಪ್ಯಾಟರ್ನ್ (ಮಡಚುವ ಮೊದಲಿನ ಚಪ್ಪಟೆ ಆಕಾರ) ಅಳೆಯಿರಿ. 400 ಅಗಲಕ್ಕೆ ಬ್ಲ್ಯಾಂಕ್ (ಮಡಚದ ತುಂಡು) 442.6 ಬರಬೇಕು: 400, ಎರಡು 25, ಅದರಲ್ಲಿ ಎರಡು ಬೆಂಡಿನ ಡಿಡಕ್ಷನ್ 7.4 ಕಳೆಯುವುದು. ಡೈಮೆನ್ಶನ್ ತಿದ್ದುವಾಗ ‘ಈ ಕಾನ್ಫಿಗರೇಷನ್‌ಗೆ ಮಾತ್ರ’ ಮತ್ತು ‘ಎಲ್ಲಕ್ಕೂ’ ಆಯ್ಕೆಗಳನ್ನು ನೋಡಿ ಒತ್ತಿ (ಟೇಬಲ್‌ನ ಒಂದೊಂದು ಸಾಲೂ ಒಂದು ಕಾನ್ಫಿಗರೇಷನ್); ಅಲ್ಲಿ ಅವಸರ ಮಾಡಿದರೆ ಉಳಿದ 35 ಅಳತೆಯೂ ಕೆಡುತ್ತದೆ. ಲೇಸರ್‌ಗೆ ಕಳಿಸುವ ಡಿಎಕ್ಸ್‌ಎಫ್‌ನಲ್ಲಿ ಬೆಂಡ್ ಲೈನ್‌ಗಳನ್ನು ಬೇರೆ ಲೇಯರ್‌ಗೆ ಹಾಕಿ, ಇಲ್ಲವೇ ತೆಗೆದುಬಿಡಿ. ಕಟಿಂಗ್ ಲೇಯರ್‌ನಲ್ಲಿ ಉಳಿದರೆ ಮೆಷಿನ್ ಅಲ್ಲೇ ಕತ್ತರಿಸಿ ಫ್ಲ್ಯಾಂಜನ್ನು ಬೇರೆ ಮಾಡಿಬಿಡುತ್ತದೆ.

ಪ್ರಶ್ನೆ: ದುಬಾರಿ ಲೈಸೆನ್ಸ್ ಇಲ್ಲದೆ ಇದನ್ನು ಮಾಡಬಹುದೇ? ಕೇಬಲ್ ಟ್ರೇ, ಬ್ರಾಕೆಟ್‌ಗಳನ್ನೂ ಅದೇ ಮಾಸ್ಟರ್‌ಗೆ ಸೇರಿಸಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಉಚಿತ ಸಾಫ್ಟ್‌ವೇರ್ ಆದ ಫ್ರೀಕ್ಯಾಡ್‌ನಲ್ಲಿ ಮಾಡಬಹುದು. ಶೀಟ್ ಮೆಟಲ್ ವರ್ಕ್‌ಬೆಂಚನ್ನು ಆಡ್‌ಆನ್ ಮ್ಯಾನೇಜರ್‌ನಿಂದ ಹಾಕಿಕೊಳ್ಳಿ. ಒಳಗಿನ ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಅಳತೆಯ ಸೆಲ್‌ಗೆ ಏಲಿಯಾಸ್ (ಗುರುತಿನ ಹೆಸರು) ಕೊಟ್ಟು, ಸ್ಕೆಚ್‌ನ ಅಳತೆಗೆ ಅದನ್ನೇ ಬರೆಯಿರಿ. ಸಾಲುಗಳ ನಡುವೆ ಬದಲಿಸಲು ಕಾನ್ಫಿಗರೇಷನ್ ಟೇಬಲ್ ಇದೆ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿ ಅಥವಾ ಅದರ ನಂತರದ್ದನ್ನೇ ಬಳಸಿ. ಹಳೆಯ ಆವೃತ್ತಿಗಳಲ್ಲಿ ಅಳತೆ ಬದಲಾದಾಗ ಅಂಚಿನ ಹೆಸರು ಬದಲಾಗಿ ಫ್ಲ್ಯಾಂಜ್ ತಪ್ಪು ಅಂಚಿಗೆ ಹೋಗುತ್ತಿತ್ತು. ಹೊಸದರಲ್ಲಿ ಅದು ಬಹಳ ಕಡಿಮೆ.

ಟ್ರೇ, ಬ್ರಾಕೆಟ್‌ಗಳನ್ನು ಮಾತ್ರ ಸೇರಿಸಬೇಡಿ. ಬೆಂಡ್‌ಗಳ ಸಂಖ್ಯೆ ಅಥವಾ ಕ್ರಮ ಬೇರೆಯಾದರೆ ಮಾಸ್ಟರೂ ಬೇರೆ. ಕವರಿಗೊಂದು, ಟ್ರೇಗೊಂದು, ಬ್ರಾಕೆಟ್‌ಗೊಂದು ಇಡಿ. ಶೀಟಿನ ದಪ್ಪ ಬದಲಾದರೆ ರೇಡಿಯಸ್, ಡಿಡಕ್ಷನ್ ಎರಡೂ ಬದಲಾಗಬೇಕು; 1.6 ಮಿ.ಮೀ. ಶೀಟಿಗೆ ಮತ್ತೆ ಪಟ್ಟಿ ಕತ್ತರಿಸಿ ಅಳೆಯಿರಿ.